ಸುತ್ತಳತೆ

ಇಪ್ಪತ್ತೆರಡು ವರ್ಷವಾಯಿತು ಕಂಕನಾಡಿಯಲ್ಲಿ
ಗಂಡಸರ ಅಳತೆ ತೆಗೆಯುತ್ತಾ.
ಟೇಪು ಸುತ್ತುವಾಗ ಎಲ್ಲರೂ ಹೊಟ್ಟೆ ಒಳಗೆಳೆಯುತ್ತಾರೆ,
ಬ್ಯಾಂಕಿನ ಮ್ಯಾನೇಜರು, ಬಂದರಿನ ಮೀನು ಸಾಹುಕಾರ,
ಮುಂದಿನ ವಾರ ರೋಸ್ ಇರುವ ಮದುಮಗ ಕೂಡ.
ಉಸಿರು ಬಿಡಿ ಎಂದು ನಾನು ಹೇಳುವುದಿಲ್ಲ,
ಸುಮ್ಮನೆ ಎರಡು ಇಂಚು ಸೇರಿಸಿ ಬರೆದುಕೊಳ್ಳುತ್ತೇನೆ.
ದಯೆ ಎಂದರೆ ಇದೇ ಅಂದುಕೊಂಡಿದ್ದೆ.

ನನ್ನ ಅಳತೆ ಮಾತ್ರ ಪುಸ್ತಕದಲ್ಲಿಲ್ಲ.
ಹೆಸರು ವಾಮನ, ಮೂರು ಮೆಟ್ಟಿಲಿಗೇ ಏದುಸಿರು.
ನನ್ನ ಅಂಗಿ ನಾನೇ ಹೊಲಿಯುವುದು, ಅಂದಾಜಿಗೆ,
ಕಿಟಕಿಗೆ ಪರದೆ ಕತ್ತರಿಸಿದ ಹಾಗೆ.

ರಾತ್ರಿ ಫೋನಿನೊಳಗೆ ತಲೆಯಿಲ್ಲದ ಗಂಡಸರು,
ಕುತ್ತಿಗೆಯಿಂದ ಕೆಳಗೆ, ಜಿಮ್ಮಿನ ಬೆಳಕಿನಲ್ಲಿ.
ನಾನು ತಲೆ ಮಾತ್ರ ಹಾಕಿದ್ದೆ,
ಗಲ್ಲದ ಕೆಳಗೆ ಕತ್ತರಿ.
ಒಬ್ಬ ಕೇಳಿದ: ಉಳಿದದ್ದು?
ಕಳಿಸಿದೆ.
ಎರಡು ಕಿಲೋಮೀಟರಿನಲ್ಲಿದ್ದವನು
ಆಮೇಲೆ ಎಲ್ಲಿಯೂ ಇರಲಿಲ್ಲ.

ಆನ್ಸಿಲ್ ಬಂದದ್ದು ಪ್ಯಾಂಟಿನ ಜಿಪ್ಪು ರಿಪೇರಿಗೆ.
ಕಾಯುತ್ತಾ ಬಿಲ್ಲು ಪುಸ್ತಕದ ಹಿಂದೆ ಗೀಚಿದ:
ಮಿಷಿನಿನ ಮುಂದೆ ಒಬ್ಬ,
ಅವನ ತೊಡೆಯ ಮೇಲೆ ಹೊಟ್ಟೆ
ಮಧ್ಯಾಹ್ನ ಮಲಗಿದ ಬೆಕ್ಕಿನ ಹಾಗೆ.
ಇದ್ಯಾರು ಮಾರಾಯ?
ನೀವಲ್ಲದೆ ಮತ್ತೆ ನನ್ನ ಬಾಪ್ಪುವಾ?
ನಗು ಬಂತು. ಮತ್ತೆ ಸಿಟ್ಟು.
ಶಟರ್ ಎಳೆದ ಮೇಲೆ ಆ ಹಾಳೆಯನ್ನು ಮೆತ್ತಗೆ ಬಿಡಿಸಿ
ಕತ್ತರಿಗಳ ಡ್ರಾಯರಿನಲ್ಲಿಟ್ಟೆ.

ಬಿಜೈಯ ಒಂದು ಮಾಳಿಗೆಯಲ್ಲಿ ಭಾನುವಾರ ಸೇರುತ್ತೇವೆ,
ಗಂಡಸರನ್ನು ಪ್ರೀತಿಸುವ ಗಂಡಸರು, ಎಂಟು ಮಂದಿ,
ಒಂದು ಫ್ಲಾಸ್ಕು ಚಾ, ಕಾಗದದಲ್ಲಿ ಎಣ್ಣೆ ಬಿಟ್ಟ ಗೋಳಿಬಜೆ.
ಅಲ್ಲಿಗೆಂದೇ ಅವನು ಶುರುಮಾಡಿದ, ಹನ್ನೆರಡು ಪುಟದ ಕಾಮಿಕ್ಸ್.
ಹೊಟ್ಟೆ ಸ್ವಲ್ಪ ಕಡಿಮೆ ಮಾಡು ಎಂದೆ.
ಎರಡು ಇಂಚು ಸೇರಿಸುವವರು ನೀವು,
ನಾನು ಒಂದೂ ಕಳೆಯುವುದಿಲ್ಲ ಎಂದ.

ಮೊದಲ ಚೌಕ: ಸುಲ್ತಾನ್ ಬತ್ತೇರಿಯ ದೋಣಿ.
ಎರಡು: ತಣ್ಣೀರುಬಾವಿ, ಅಂಗಿ ತೊಟ್ಟೇ ಕಡಲಿಗಿಳಿದವನು,
ಉಬ್ಬಿದ ಬಟ್ಟೆಯೊಳಗೆ ಗಾಳಿ.
ಮತ್ತೆ ಗುಂಡಿಗಳು, ಒಂದೊಂದಕ್ಕೂ ಒಂದೊಂದು ಚೌಕ,
ಆರು ಗುಂಡಿ, ಅಷ್ಟು ತಾಳ್ಮೆ ನನಗಿಲ್ಲ.
ಮತ್ತೆ ಇಡೀ ಪುಟ ಹೊಟ್ಟೆ.
ಚೌಕದ ಗೆರೆ ಹಿಡಿಯಲಾರದೆ ಬಾಗಿದೆ.
ಹೊಕ್ಕುಳಿನ ಬಲಕ್ಕೆ ಅಪೆಂಡಿಕ್ಸಿನ ಹೊಲಿಗೆ,
ನಾನು ಹಾಕಿದ್ದರೆ ಇನ್ನೂ ನೇರ ಬರುತ್ತಿತ್ತು.
ಮಾತಿನ ಗುಳ್ಳೆ ಖಾಲಿ ಬಿಟ್ಟಿದ್ದ.
ಇವನು ಏನು ಹೇಳಬೇಕು, ನೀವೇ ಹೇಳಿ.
ಮೂರು ದಿನ ಯೋಚಿಸಿದೆ, ಎರಡು ಪ್ಯಾಂಟು ಹಾಳುಮಾಡಿದೆ.
ಕೊನೆಗೆ ಬರೆಸಿದ್ದು ಇಷ್ಟೇ:
ನೀರು ಬೆಚ್ಚಗುಂಟು.

ಜ್ಯೋತಿಯ ಹತ್ತಿರ ಜೆರಾಕ್ಸು, ನಲವತ್ತು ಪ್ರತಿ.
ಹುಡುಗ ಒಮ್ಮೆ ಹಾಳೆ ನೋಡಿದ, ಒಮ್ಮೆ ನನ್ನನ್ನು,
ದುಡ್ಡೆಣಿಸಿ ಪಿನ್ನನ್ನು ಓರೆಯಾಗಿ ಹೊಡೆದ.

ಭಾನುವಾರ ಎಲ್ಲರೂ ನಕ್ಕರು, ಬೆನ್ನು ತಟ್ಟಿದರು.
ಸಿನಾನ್ ಮಾತ್ರ ನಗಲಿಲ್ಲ.
ಮೈ ತುಂಬಿದಂತೆ ಕಾಣಲೆಂದು
ಮೇ ತಿಂಗಳಲ್ಲೂ ಎರಡು ಬನಿಯನು ಹಾಕುವ ಹುಡುಗ.
ಸಪೂರದವರದ್ದು ಯಾವಾಗ ಬರುತ್ತದೆ? ಎಂದ.

ಮಂಗಳವಾರ ಅಂಗಡಿಗೆ ಬಂದ, ಅಳತೆ ಕೊಡಲು.
ಟೇಪು ಹಿಡಿದರೆ ಇವನು ಎದೆ ಉಬ್ಬಿಸಿದ,
ಎಲ್ಲರೂ ಒಳಗೆಳೆದರೆ ಇವನು ಹೊರಗೆ.
ಉಸಿರು ಬಿಡು, ಎಂದೆ.
ನನ್ನ ಬಾಯಿಂದಲೇ ಬಂತಾ ಎಂದು ನನಗೇ ಅನುಮಾನ.
ಮೂವತ್ತೊಂದು. ಮೂವತ್ತೊಂದೇ ಬರೆದೆ.
ನಿಮ್ಮದು? ಎಂದ.
ಟೇಪನ್ನು ಅವನ ಕೈಗೆ ಕೊಟ್ಟೆ.
ಹಿಂದಿನಿಂದ ಸುತ್ತಲು ಅವನ ತೋಳು ಸಾಲಲಿಲ್ಲ,
ಎದುರಿಗೆ ಬಂದು, ತುದಿ ಹುಡುಕಿ, ಜೋಡಿಸಿ,
ನಲವತ್ತಾರು, ಮತ್ತೆ ಒಂದು ಕಾಲು ಎಂದ.
ಮ್ಯಾನೇಜರಿನ ಕೆಳಗೆ, ಮದುಮಗನ ಮೇಲೆ
ಜಾಗವಿತ್ತು, ಬರೆದುಕೊಂಡ.

ಕಡಲಿನಲ್ಲಿ ನಾನಿನ್ನೂ ಅಂಗಿ ಬಿಚ್ಚಿಲ್ಲ.
ಆ ನೀರು ಬೆಚ್ಚಗುಂಟೋ ಇಲ್ಲವೋ
ನಿಜವಾಗಿ ನನಗೆ ಗೊತ್ತಿಲ್ಲ.
ಆನ್ಸಿಲ್ ಎರಡನೇ ಸಂಚಿಕೆ ಎನ್ನುತ್ತಿದ್ದಾನೆ.
ಡ್ರಾಯರು ತೆರೆದಾಗೆಲ್ಲ
ಕತ್ತರಿಗಳ ನಡುವೆ ಬೆಕ್ಕು ಮಲಗಿರುತ್ತದೆ.